ಕೊನೆಯ ತಿರುವಿನ ವ್ಯಾನು

ವ್ಯಾನು ಬಿಳಿ ಬಣ್ಣದ್ದೆಂದು ಬರೆಯಲು ಹೊರಟಿದ್ದೆ. ಫೋಟೋ ತೆಗೆದು ನೋಡಿದರೆ ಅದು ನೀಲಿ. ಪ್ರವಾಸದುದ್ದಕ್ಕೂ ನಮ್ಮ ಬೆನ್ನ ಹಿಂದೆಯೇ ಬಂದ ವಾಹನ, ಅದರೊಳಗೆ ಕೂತು ನಾನು ನಿದ್ದೆ ಮಾಡಿದ್ದೂ ಉಂಟು. ಆದರೂ ನೆನಪಿನಲ್ಲಿ ಅದು ಅಚ್ಚ ಬಿಳಿಯಾಗಿ ನಿಂತಿದೆ. ಇತಿಹಾಸದಲ್ಲಿ ಎಂ.ಎ. ಮಾಡುವಾಗ, ಕಣ್ಣಾರೆ ಕಂಡೆ ಅನ್ನುವವರನ್ನು ಸುಲಭಕ್ಕೆ ನಂಬಬಾರದೆಂದು ನಮಗೆ ಕಲಿಸಿದ್ದರು. ಕಣ್ಣಾರೆ ಕಂಡವಳು ನಾನೇ ಆಗಿದ್ದರೆ ಏನು ಮಾಡಬೇಕೆಂದು ಯಾರೂ ಕಲಿಸಲಿಲ್ಲ.

ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಭೂತಾನದ ಊರುಗಳ ಹೆಸರು ಸರಿಯಿವೆ, ನಕಾಶೆ ನೋಡಿ ತಾಳೆ ಮಾಡಿಕೊಂಡಿದ್ದೇನೆ. ಯಾರು ಯಾವಾಗ ಏನಂದರು ಎಂಬುದರಲ್ಲಿ ಹೆಚ್ಚುಕಡಿಮೆ ಇರಬಹುದು. ಯಾರ ಮುಖ ಹೇಗಿತ್ತು ಎಂದು ನಾನು ಹೇಳಿದರೆ ನಂಬಲೇಬೇಡಿ. ತೊಂದರೆಯೆಂದರೆ, ಈ ಕಥೆಯೆಲ್ಲ ನಿಂತಿರುವುದೇ ಒಂದು ಮುಖದ ಮೇಲೆ.

ಟಿಳಕವಾಡಿ

ನಮ್ಮ ಸೈಕಲ್ ಬಳಗ ಹುಟ್ಟಿದ್ದು ಟಿಳಕವಾಡಿಯ ರೈಲ್ವೆ ಗೇಟಿನಲ್ಲಿ. ಬೆಳಗಿನ ಗಾಡಿಗೆ ಗೇಟು ಹಾಕಿದಾಗ ದಿನವೂ ಒಂದೇ ಜಾಗದಲ್ಲಿ ಕಾಲೂರಿ ನಿಲ್ಲುತ್ತಿದ್ದ ಕೆಲವರು, ಬೇರೆ ದಾರಿಯಿಲ್ಲದೆ ಪರಿಚಯ ಮಾಡಿಕೊಂಡೆವು. ಬ್ಯಾಂಕಿನಿಂದ ನಿವೃತ್ತರಾದ ದೇಸಾಯಿ ಸರ್ ತಾವಾಗಿಯೇ ಅಧ್ಯಕ್ಷರಾದರು. ಹಲ್ಲಿನ ಡಾಕ್ಟರು ಸುಹಾಸ್ ಕಾರ್ಯದರ್ಶಿಯಾದ. ಸಪಾಟು ರಸ್ತೆಯಲ್ಲಿ ಕನ್ನಡ, ಏರು ಬಂದ ಕೂಡಲೇ ಮರಾಠಿ ಮಾತಾಡುವ ಮನುಷ್ಯ ಅವನು. ರಾಮತೀರ್ಥ ನಗರದಿಂದ ಅಷ್ಟು ದೂರ ತುಳಿದುಕೊಂಡು ಬರುತ್ತಿದ್ದವರು ನಾವಿಬ್ಬರು: ನಾನು, ಮತ್ತು ನನ್ನ ಅಣ್ಣನ ಹೆಂಡತಿ ಶಾಂತಾ ವೈನಿ. ಅಣ್ಣ, ವೈನಿ, ನಾನು ಒಂದೇ ಮನೆಯಲ್ಲಿರುತ್ತೇವೆ.

ಬಳಗಕ್ಕೆ ಒಂದು ಸತ್ಕಾರ್ಯ ಬೇಕಾಗಿತ್ತು. ಅದನ್ನು ಹುಡುಕಿಕೊಂಡು ದೂರ ಹೋಗಬೇಕಾಗಲಿಲ್ಲ. ನೆಹರು ನಗರದ ದವಾಖಾನೆಗಳಿಗೆ ಹಳ್ಳಿಗಳಿಂದ ರೋಗಿಯನ್ನು ಕರೆತರುವವರು ಮೆಟ್ಟಿಲ ಕೆಳಗೆ, ವರಾಂಡದಲ್ಲಿ ಚಾಪೆ ಹಾಸಿ ಮಲಗುತ್ತಾರೆ. ಅಂಥವರಿಗೆ ಇಳಿದುಕೊಳ್ಳಲು ಒಂದು ಮನೆ, ಒಂದು ಅಡುಗೆ ಕಟ್ಟೆ, ಎರಡು ಬಚ್ಚಲು ಕಟ್ಟಿಸೋಣ ಎಂದಾಯಿತು. ಅದಕ್ಕೆ ಹಣ ಕೂಡಿಸಲು ನಾವು ಎಂಟು ಜನ ಭೂತಾನಕ್ಕೆ ಹೋಗಿ, ಮೂರು ಘಟ್ಟ ಸೈಕಲ್ ಮೇಲೆ ಏರುವುದು. ಏರಿದ ಒಂದೊಂದು ಘಟ್ಟಕ್ಕೆ ಊರಿನವರು ತಮಗೆ ತೋಚಿದ್ದು ಕೊಡುವುದು. ನಮ್ಮ ಖರ್ಚು ನಮ್ಮದೇ.

ಖಾನಾಪುರದ ಕಡೆಯ ಹಳ್ಳಿಯಲ್ಲಿರುವ ವೈನಿಯ ಅವ್ವ ಇದನ್ನು ಕೇಳಿ ದೇಸಾಯಿ ಸರ್ ಅವರಿಗೇ ಕೇಳಿದರಂತೆ: "ಅಷ್ಟು ದೂರ ಹೋಗಿ ನೀವು ಸೈಕಲ್ ತುಳದ್ರ, ಇಲ್ಲಿ ದವಾಖಾನಿ ಮುಂದ ಮನಿ ಹೆಂಗ ಏಳ್ತೈತ್ರಿ?"

"ಅಜ್ಜೀ, ಇಲ್ಲೇ ಚೋರ್ಲಾ ಘಾಟ ಏರಿದ್ರ ಯಾರು ಕೊಡ್ತಾರ?" ಅಂದರಂತೆ ಸರ್. "ಪರದೇಶ ಅಂದ್ರ ಕೈ ಸಡಲ ಬಿಡ್ತಾರ ಮಂದಿ."

ಇದು ಖರೆಯಾಯಿತು. ಅದಕ್ಕೇ ನನಗೆ ಇಂದಿಗೂ ಸ್ವಲ್ಪ ನಾಚಿಕೆ.

ಹೊರಡುವ ಹೊತ್ತಿಗೆ ನಮ್ಮ ಮನೆಯಲ್ಲಿ ಬೇರೆಯೇ ಒಂದು ವಿಷಯ ಕುದಿಯುತ್ತಿತ್ತು. ವೈನಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಅವರಿಗೆ ಮುಖ್ಯೋಪಾಧ್ಯಾಯಿನಿಯ ಬಡ್ತಿ ಬಂದಿತ್ತು, ಖಾನಾಪುರ ತಾಲ್ಲೂಕಿನ ಕಾಡಿನಂಚಿನ ಒಂದು ಶಾಲೆಗೆ. ಇಂಥ ಹೊತ್ತಿನಲ್ಲಿ ಪಟ್ಟಣದ ಶಿಕ್ಷಕಿಯರು ಮಾಡುವುದು ಒಂದೇ: ಬಡ್ತಿ ಬೇಡವೆಂದು ಬರೆದುಕೊಟ್ಟು, ಇದ್ದ ಶಾಲೆಯಲ್ಲೇ ಉಳಿದುಬಿಡುವುದು. ವೈನಿಗೆ ಹೋಗುವ ಮನಸ್ಸು. ಅಣ್ಣನಿಗೆ ಬರೆದುಕೊಡಿಸುವ ಮನಸ್ಸು. ಅಣ್ಣ ವಿಮಾ ಕಚೇರಿಯಲ್ಲಿದ್ದಾನೆ. ಯಾರಿಗೆ ಎಲ್ಲಿ ಏನಾಗಬಹುದು ಎಂದು ಅಳೆಯುವುದೇ ಅವನ ಉದ್ಯೋಗ.

"ಐವತ್ತು ದಾಟೀತು ನಿನಗ," ಅಂದ ಅಣ್ಣ ಊಟಕ್ಕೆ ಕೂತಾಗ. "ಮಳಿಗಾಲದಾಗ ಅಲ್ಲಿ ಬಸ್ಸೂ ಹೋಗಂಗಿಲ್ಲ. ಬರಕೊಟ್ಟು ಸುಮ್ಮನಾಗು."

"ನಾ ಅಲ್ಲೇ ಹುಟ್ಟಿದಾಕಿ ರೀ."

"ಹುಟ್ಟೂದು ಬ್ಯಾರೆ, ನೌಕರಿ ಬ್ಯಾರೆ. ಈಗ ಭೂತಾನಕ್ಕ ಹೊಂಟೀಯಲ್ಲ, ಮೂರೂ ಘಾಟ ವ್ಯಾನ್ ಹತ್ತದ ಏರಿ ತೋರ್ಸು. ಆಮ್ಯಾಲೆ ಖಾನಾಪುರಕ್ಕ ಹೋಗು, ನಾ ಏನೂ ಅನ್ನಂಗಿಲ್ಲ. ಒಮ್ಮೆ ವ್ಯಾನ್ ಹತ್ತಿದ್ಯೋ, ಬಂದು ಬರಕೊಡಬೇಕು." ಆಮೇಲೆ ನನ್ನ ಕಡೆ ತಿರುಗಿದ. "ಮೀನಾ, ಈ ಮಾತಿಗೆ ನೀ ಸಾಕ್ಷಿ. ದಿನಾ ಫೋನ್ ಮಾಡ್ತೀನಿ. ಖರೇ ಹೇಳಬೇಕು."

ವೈನಿ ಅಣ್ಣನ ತಾಟಿಗೆ ಇನ್ನೊಂದು ಚಪಾತಿ ಹಾಕಿದರು. ಅದನ್ನೇ ನಾವಿಬ್ಬರೂ ಒಪ್ಪಿಗೆಯೆಂದು ತಿಳಿದುಕೊಂಡೆವು.

ಪಾರೋ

ವಿಮಾನ ಎರಡು ಗುಡ್ಡಗಳ ನಡುವೆ ರೆಕ್ಕೆ ಓರೆ ಮಾಡಿ ನುಸುಳಿ ಇಳಿಯಿತು. ಸುಹಾಸ್ ಮರಾಠಿಯಲ್ಲಿ ದೇವರನ್ನು ಕರೆದ.

ಮೊದಲ ದಿನ ನಮಗೆ ಏನೋ ಕಳೆದುಕೊಂಡ ಹಾಗೆ ಅನಿಸುತ್ತಿತ್ತು. ಏನೆಂದು ಗೊತ್ತಾಗಲು ಸಂಜೆಯಾಯಿತು: ಯಾರೂ ಹಾರ್ನ್ ಹೊಡೆಯುತ್ತಿರಲಿಲ್ಲ. ಕಾರುಗಳು ನಮ್ಮ ಹಿಂದೆ ನಿಧಾನವಾಗಿ, ಬೇಸರವಿಲ್ಲದೆ, ಮದುವೆ ಮೆರವಣಿಗೆಯ ಹಿಂದೆ ಬಂದಂತೆ ಬರುತ್ತಿದ್ದವು. ಬೆಳಗಾವಿಯ ರಸ್ತೆಯಲ್ಲಿ ಬೆಳೆದ ನಮಗೆ ಹಿಂದೆ ಸದ್ದಿಲ್ಲವೆಂದರೆ ವಾಹನವಿಲ್ಲ ಎಂದೇ ಅರ್ಥ. ದೇಸಾಯಿ ಸರ್ ರಸ್ತೆಯ ನಟ್ಟನಡುವೆ ಹೋಗುತ್ತ, ಎಂಥ ಖಾಲಿ ರಸ್ತೆ ಎಂದು ಹೊಗಳುತ್ತಿದ್ದರು. ಅವರ ಹಿಂದೆ ಐದು ಕಾರು, ಒಂದು ಲಾರಿ.

ನಮ್ಮ ಮಾರ್ಗದರ್ಶಿ ಕರ್ಮಾ, ಹಿಂದಿ ಚೆನ್ನಾಗಿ ಬರುವ, ಮೊಣಕಾಲವರೆಗಿನ ನಿಲುವಂಗಿ ತೊಟ್ಟ ಹಸನ್ಮುಖಿ. ಅವನಿಗೆ ಸುಹಾಸ್ ಊರಿನಿಂದ ತಂದ ಕುಂದಾ ಡಬ್ಬಿ ಮುಂದೆ ಹಿಡಿದ. ಕರ್ಮಾ ಬಾಯಿಗೆ ಕೈ ಅಡ್ಡ ಹಿಡಿದು "ಮೇಶು, ಮೇಶು" ಅಂದ. ಬೇಡವಂತೆ ಎಂದುಕೊಂಡು ಸುಹಾಸ್ ಡಬ್ಬಿ ಮುಚ್ಚಿದ. ಸಕ್ಕರೆ ಹಲ್ಲಿಗೆ ಕೆಟ್ಟದ್ದೆಂದು ತಿಳಿದ ಮನುಷ್ಯ ಎಂದು ಹೊಗಳಿದ ಕೂಡ. ಕರ್ಮಾನ ಕಣ್ಣು ಡಬ್ಬಿಯ ಜೊತೆಗೇ ಚೀಲದೊಳಗೆ ಹೋದದ್ದನ್ನು ವೈನಿ ನೋಡಿದರು. ಡಬ್ಬಿ ಕಸಿದುಕೊಂಡು ಅವನ ಅಂಗೈಗೆ ದೊಡ್ಡ ತುಣುಕು ಹಾಕಿದರು.

"ಒಲ್ಲೆ ಅಂದವರಿಗೆ ಬಡಸೂದು ನಮಗೇನು ಹೊಸಾದೇನೋ ಡಾಕ್ಟರಾ?"

ಅಲ್ಲಿ ಕೊಟ್ಟ ಕೂಡಲೇ ತೆಗೆದುಕೊಳ್ಳುವುದು ಆಸೆಬುರುಕತನವಂತೆ. ಮೊದಲು ಬೇಡ ಅನ್ನಬೇಕು, ಕೊಡುವವರು ಬಿಡಬಾರದು. ಇದು ಗೊತ್ತಾದ ರಾತ್ರಿ ನಾವು ಉಂಡದ್ದು ಮೆಣಸಿನಕಾಯಿ ಪಲ್ಯ. ಮೆಣಸಿನಕಾಯಿ ಹಾಕಿದ ಪಲ್ಯವಲ್ಲ, ಮೆಣಸಿನಕಾಯಿಯದೇ ಪಲ್ಯ, ಗಿಣ್ಣಿನಂಥ ಒಂದರಲ್ಲಿ ಬೇಯಿಸಿದ್ದು. ರಂಜಕದ ಕೆಂಪು ಖಾರ ತಿಂದು ಬೆಳೆದವರು ನಾವು ಎಂಬ ಧಿಮಾಕು ಎರಡು ತುತ್ತಿಗೆ ಇಳಿಯಿತು. ತಾಟಿನ ಮೇಲೆ ಅಡ್ಡ ಕೈ ಹಿಡಿದು ಸಾಕು, ಸಾಕು ಅಂದೆವು. ಎಷ್ಟು ಮರ್ಯಾದೆಯ ಜನ ಎಂದು ಸಂತೋಷಪಟ್ಟು ಆ ಮನೆಯಾಕೆ ಮತ್ತೆ ಮತ್ತೆ ಬಡಿಸಿದರು. ಸುಹಾಸನ ಕಣ್ಣಲ್ಲಿ ಧಾರಾಕಾರ ನೀರು.

ದೋಚುಲಾ

"ಲಾ" ಎಂದರೆ ಅವರ ಮಾತಿನಲ್ಲಿ ಘಟ್ಟದ ತಲೆ, ಗುಡ್ಡವನ್ನು ರಸ್ತೆ ದಾಟುವ ಜಾಗ. ಅಲ್ಲಿ ಬಣ್ಣದ ಬಾವುಟಗಳನ್ನು ಮರದಿಂದ ಮರಕ್ಕೆ ಕಟ್ಟಿರುತ್ತಾರೆ. ದೋಚುಲಾ ನಮ್ಮ ಮೊದಲ ಲಾ.

ಚೋರ್ಲಾ ಘಾಟದಲ್ಲಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದೆವು. ಆದರೆ ಚೋರ್ಲಾ ಘಾಟ ಒಂದು ಹಂತದಲ್ಲಿ ಮುಗಿಯುತ್ತದೆ. ಇದು ಮುಗಿಯುವ ಜಾತಿಯದಲ್ಲ. ಮೊದಲು ವ್ಯಾನ್ ಹತ್ತಿದ್ದು ನಾನು, ಮೊಣಕಾಲು ನೋವೆಂದು. ಆಮೇಲೆ ಸುಹಾಸ್, ನನ್ನ ಮೊಣಕಾಲು ನೋಡಿಕೊಳ್ಳಲೆಂದು. ಹಲ್ಲಿನ ಡಾಕ್ಟರಾದರೂ ಡಾಕ್ಟರೇ ತಾನೆ ಅಂದ. ಕೊನೆಗೆ ದೇಸಾಯಿ ಸರ್ ಕೂಡ ಹತ್ತಿದರು. ಅಧ್ಯಕ್ಷರಾದವರು ಎಲ್ಲರ ಜೊತೆಗಿರಬೇಕು ಎಂಬುದು ಅವರ ಕಾರಣ. ಉಳಿದ ನಾಲ್ವರು ಕಾರಣವನ್ನೇ ಕೊಡಲಿಲ್ಲ.

ಕೊನೆಯ ತಿರುವಿಗೆ ಮುಂಚೆ ಡ್ರೈವರ್ ಸೋನಮ್ ತಾನಾಗಿಯೇ ವ್ಯಾನ್ ನಿಲ್ಲಿಸಿ, ಸೈಕಲ್‌ಗಳನ್ನು ಒಂದೊಂದಾಗಿ ಕೆಳಗಿಳಿಸಿದ. ಏಕೆಂದು ಕೇಳಿದೆವು. ಎಲ್ಲ ಗುಂಪಿನವರೂ ಇಲ್ಲಿ ಇಳಿಯುತ್ತಾರೆ, ಮೇಲೆ ಫೋಟೋ ಇರುತ್ತದಲ್ಲ ಅಂದ. ನಮಗಿಂತ ಮುಂಚೆ ಎಷ್ಟು ದೇಶದ ಎಷ್ಟು ಸತ್ಕಾರ್ಯಗಳು ಈ ತಿರುವಿನಲ್ಲಿ ಇಳಿದಿರಬೇಡ ಎಂದುಕೊಂಡೆ. ನಾವೂ ಹೆಲ್ಮೆಟ್ ಕಟ್ಟಿಕೊಂಡು, ಮುಖಕ್ಕೆ ನೀರು ಚಿಮುಕಿಸಿಕೊಂಡು, ತಿರುವು ತುಳಿದು ಮೇಲೆ ಹೋದೆವು. ಬ್ಯಾನರ್ ಬಿಚ್ಚಿದೆವು. ಘಟ್ಟದ ತಲೆ ಮುಟ್ಟಿದವರು ಅಲ್ಲಿ "ಲ್ಹಾ ಗ್ಯಾಲೋ" ಎಂದು ಕೂಗುತ್ತಾರೆ. ದೇವರು ಗೆದ್ದ ಎಂದರ್ಥವಂತೆ. ದೇಸಾಯಿ ಸರ್ ಬಳಗದ ಹೆಸರು ಕೂಗಿಸಿದರು.

ನಾವು ಚಹಾ ಕುಡಿದು, ಬಿಸ್ಕೀಟು ತಿಂದು, ಮಂಜು ಸರಿದು ಹಿಮದ ಬೆಟ್ಟ ಕಾಣುತ್ತದೇನೋ ಎಂದು ಕಾದು, ಅದು ಕಾಣದೆ ಇನ್ನೊಂದು ಚಹಾ ಕುಡಿಯುವಾಗ ವೈನಿ ಬಂದರು. ಚೂಡಿದಾರದ ಮೇಲೆ ಸ್ವೆಟರ್, ತಲೆಗೆ ಸ್ಕಾರ್ಫು. ಶಾಲೆಗೆ ಹೊರಟವರು ಎಷ್ಟು ವೇಗವಾಗಿ ತುಳಿಯುತ್ತಾರೋ ಅಷ್ಟೇ ವೇಗ, ಕೆಳಗಿನಿಂದ ಮೇಲಿನವರೆಗೆ. ಅವರಿಗಾಗಿ ಬ್ಯಾನರ್ ಮತ್ತೆ ಬಿಚ್ಚಬೇಕಾಯಿತು. ಮಡಚಿಟ್ಟಿದ್ದನ್ನು ಬಿಚ್ಚಿಸಿದರಲ್ಲ ಎಂದು ಸುಹಾಸನಿಗೆ ಸ್ವಲ್ಪ ಬೇಸರವಾದಂತೆ ನನಗೆ ಅನಿಸಿತು.

ಅಂದು ಸಂಜೆ ಅಣ್ಣನ ಫೋನು, ವೈನಿಗಲ್ಲ, ನನಗೆ.

"ಹತ್ತಿದ್ಲೇನು ವ್ಯಾನು?"

"ಇಲ್ಲಣ್ಣಾ."

"ನೀ?"

"ನನ್ನ ವಿಷಯ ಮಾತಿನ್ಯಾಗಿಲ್ಲ."

ಪುನಾಖಾ

ಇಳಿಜಾರಿನಲ್ಲಿ ಎಲ್ಲರೂ ಶೂರರು. ಕೆಳಗೆ ಬಂದರೆ ಬೆಚ್ಚಗಿನ ಕಣಿವೆ, ಎರಡು ಹೊಳೆ ಕೂಡುವ ಜಾಗ, ಹಳದಿಗೆ ತಿರುಗುತ್ತಿದ್ದ ಭತ್ತದ ಗದ್ದೆ. ವೈನಿ ಸೈಕಲ್ ನಿಲ್ಲಿಸಿ, ಒಂದು ತೆನೆ ಹಿಡಿದು ನೋಡಿ, ಕಾಳು ನಮ್ಮ ಖಾನಾಪುರದ್ದಕ್ಕಿಂತ ಗಿಡ್ಡ ಅಂದರು. ತೆನೆ ಕೀಳಲಿಲ್ಲ, ಹಿಡಿದು ಬಿಟ್ಟರು.

ಅಲ್ಲಿ ಒಂದು ಚಂದದ ಮನೆ. ಬಿಳಿ ಗೋಡೆ, ಕೆತ್ತನೆಯ ಕಿಟಕಿ, ಗೋಡೆಯ ತುಂಬ ಚಿತ್ರ. ಬ್ಯಾನರ್ ಹಿಡಿಯಲು ಇದಕ್ಕಿಂತ ಒಳ್ಳೆಯ ಜಾಗ ಸಿಗದು ಎಂದು ದೇಸಾಯಿ ಸರ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ಕರ್ಮಾ ಏನೋ ಹೇಳಲು ಬಾಯಿ ತೆರೆದು, ದೊಡ್ಡವರ ಮಾತಿಗೆ ಅಡ್ಡ ಬರಬಾರದೆಂದೋ ಏನೋ, ಸುಮ್ಮನೆ ಫೋಟೋ ತೆಗೆದ. ಸರ್ ಅದನ್ನು ಕೂಡಲೇ ಊರಿನ ದಾನಿಗಳ ವಾಟ್ಸಾಪ್ ಗುಂಪಿಗೆ ಹಾಕಿದರು.

ಆಮೇಲೆ ನಾವೆಲ್ಲ ತಿರುಗಿ ಗೋಡೆ ನೋಡಿದೆವು. ಆ ಕಣಿವೆಯಲ್ಲಿ ಮನೆಗೆ ದೃಷ್ಟಿ ತಾಗದಿರಲೆಂದು ಗಂಡಸಿನ ಅಂಗವನ್ನು ಆಳೆತ್ತರ ಬರೆಯುತ್ತಾರೆ, ರೆಕ್ಕೆ, ಕಣ್ಣು, ರಿಬ್ಬನ್ನು ಎಲ್ಲ ಸೇರಿಸಿ. ಅದು ಸರ್ ಅವರ ಬಲಭುಜದ ಮೇಲಿನಿಂದ ಎದ್ದು ನಿಂತಿತ್ತು. ನಿಮ್ಮಲ್ಲಿ ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುವುದಿಲ್ಲವೇ, ಅದೇ ಕೆಲಸ ಇದರದು ಎಂದು ಕರ್ಮಾ ಸಮಾಧಾನ ಹೇಳಿದ. ವೈನಿ ಸ್ಕಾರ್ಫಿನ ತುದಿ ಬಾಯಿಗೆ ತುರುಕಿಕೊಂಡು ಗದ್ದೆಯ ಕಡೆ ಹೋದರು. ಅವರ ಭುಜ ಅಲುಗುತ್ತಿತ್ತು.

ಗುಂಪಿನಲ್ಲಿ ಬಹಳ ಹೊತ್ತು ಯಾರೂ ಏನೂ ಬರೆಯಲಿಲ್ಲ. ಕೊನೆಗೆ ಬಟ್ಟೆ ಅಂಗಡಿಯವರೊಬ್ಬರು ಕೈಮುಗಿಯುವ ಚಿಹ್ನೆ ಹಾಕಿದರು.

ಪೇಲೆಲಾ

ಎರಡನೆಯ ಘಟ್ಟದಲ್ಲಿ ನಮ್ಮ ನಾಚಿಕೆ ಕಡಿಮೆಯಾಗಿತ್ತು. ಸೋನಮ್ ಬಾಗಿಲು ತೆರೆಯುವ ಮುಂಚೆಯೇ ಸಾಲು ನಿಂತೆವು. ಈ ಸಲ ನಾನು ಸ್ವಲ್ಪ ಹೆಚ್ಚು ದೂರ ವೈನಿಯ ಜೊತೆ ತುಳಿದೆ. ಮೇಲೆ ಹೋದಂತೆ ದೊಡ್ಡ ಮರಗಳು ಹೋಗಿ, ಸೊಂಟದೆತ್ತರದ ಬಿದಿರು ಬಂತು. ಅದರ ನಡುವೆ ಯಾಕ್‌ಗಳು ಮೇಯುತ್ತಿದ್ದವು. ನಮ್ಮ ಎಮ್ಮೆಗೆ ಕಂಬಳಿ ಹೊದಿಸಿದ ಹಾಗಿವೆ.

ವೈನಿಯದು ತಲೆಮಾರುಗಳಿಂದ ದನ ಕಾಯ್ದ ಮನೆತನ. ತಮ್ಮ ಅಪ್ಪ ಎಮ್ಮೆ ಕರೆಯುತ್ತಿದ್ದ ರೀತಿಯಲ್ಲಿ, ನಾಲಿಗೆಯನ್ನು ಅಂಗುಳಕ್ಕೆ ಬಡಿದು ಒಂದು ಸದ್ದು ಮಾಡಿದರು. ಒಂದು ಯಾಕ್ ಮುಖವೆತ್ತಿ ನೋಡಿತು. ಎರಡು ಹೆಜ್ಜೆ ನಮ್ಮ ಕಡೆ ಬಂತು ಕೂಡ. ಹಾಗೆಂದು ನಾನು ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ಈಗ ಬರೆಯುವಾಗ ಆ ಎರಡು ಹೆಜ್ಜೆ ನಾನೇ ಸೇರಿಸಿದ್ದೇನೋ ಎಂದು ಅನುಮಾನ.

"ವೈನಿ, ಖರೇ ಹೇಳ್ರಿ, ಆ ಸಾಲಿಗೆ ಯಾಕ ಹೋಗಬೇಕು ನಿಮಗ?" ಎಂದು ಕೇಳಿದ್ದು ಅಲ್ಲಿಯೇ, ನೀರು ಕುಡಿಯಲು ನಿಂತಾಗ.

"ಅಲ್ಲಿ ಹುಡುಗೂರು ಮನ್ಯಾಗ ಮರಾಠಿ, ಸಾಲ್ಯಾಗ ಕನ್ನಡ. ಮಾಸ್ತರ ಏನಂದ್ರು ಅಂತ ತಿಳೀಲಾರದ ವರ್ಷಗಟ್ಟಲೆ ಹಿಂದಿನ ಸಾಲಿನ್ಯಾಗ ಕುಂದರ್ತಾವ. ನಾನೂ ಕುಂತೀನಿ." ಬಾಟಲಿಯ ಮುಚ್ಚಳ ತಿರುವಿದರು. "ಮತ್ತೊಂದು ಐತಿ. ಇಷ್ಟು ವರ್ಷ ಇನ್ನೊಬ್ಬರು ಬಾರಿಸಿದ ಗಂಟಿಗೆ ಓಡೀನಿ. ಒಮ್ಮೆ ನಾ ಬಾರಸ್ತೀನಿ, ಅವರು ಓಡ್ಲಿ."

ಆಮೇಲೆ ವ್ಯಾನು ಬಂತು. ನಾನು ಹತ್ತಿದೆ. ವೈನಿ ಹತ್ತಲಿಲ್ಲ.

ಟ್ರೊಂಗ್ಸಾ

ಟ್ರೊಂಗ್ಸಾದ ಕೋಟೆ ಕಣಿವೆಯ ಆಚೆ ದಂಡೆಯಲ್ಲಿ ಕಣ್ಣೆದುರಿಗೇ ಕಾಣುತ್ತದೆ. ಇನ್ನೇನು ಬಂದೇಬಿಟ್ಟಿತು ಎಂದು ನಾವು ಇದ್ದಬದ್ದ ಚುರುಮುರಿಯನ್ನೆಲ್ಲ ತಿಂದು ಮುಗಿಸಿದೆವು. ರಸ್ತೆ ಕಣಿವೆಯೊಳಗೆ ಹೋಗಿ, ಒಂದು ತೊರೆ ದಾಟಿ, ಮತ್ತೆ ಹೊರಗೆ ಬರುವಷ್ಟರಲ್ಲಿ ಸಂಜೆಯಾಗಿತ್ತು. ಕಂಡದ್ದೆಲ್ಲ ಹತ್ತಿರವಲ್ಲ ಎಂದು ಕರ್ಮಾನಿಗೆ ಮೊದಲೇ ಹೇಳಲು ಏನಾಗಿತ್ತೋ.

ಅಣ್ಣನ ಫೋನಿನ ಧಾಟಿ ಬದಲಾಗಿತ್ತು. ಎರಡು ಘಟ್ಟ ಮುಗಿದಿದ್ದವು. ಅವನು ವಿಮಾ ಪತ್ರದ ಹಿಂಬದಿಯ ಸಣ್ಣಕ್ಷರದ ಷರತ್ತುಗಳಿಗೆ ಇಳಿದಿದ್ದ.

"ನಡುವ ಇಳದು ತಳ್ಳಿದ್ಲೇನು? ತಳ್ಳಿದ್ರ ಏರಿದಂಗ ಅಲ್ಲ ಮತ್ತ."

"ತಳ್ಳಿಲ್ಲ."

"ಯಾರರೆ ಹಿಂದಿಂದ ಕೈ ಹಚ್ಚಿದ್ರೇನು?"

"ಅಣ್ಣಾ, ಹಿಂದ ಯಾರೂ ಇರಲಿಲ್ಲ. ಎಲ್ಲಾರೂ ವ್ಯಾನಿನ್ಯಾಗ ಮುಂದ ಹೋಗಿದ್ವಿ."

ಅವನು ನಕ್ಕ. ನನ್ನ ಕೈಯಲ್ಲಿ ಒದ್ದೆ ಸಾಕ್ಸ್ ಇದ್ದುದರಿಂದ ಫೋನನ್ನು ಸ್ಪೀಕರ್‌ಗೆ ಹಾಕಿ ಮಂಚದ ಮೇಲಿಟ್ಟಿದ್ದೆ. ವೈನಿ ಕಿಟಕಿಯ ಬಳಿ ಕೂದಲು ಬಾಚಿಕೊಳ್ಳುತ್ತಿದ್ದರು.

"ಭಾಳ ಗಟ್ಟಿ ಅದಾಳ ಬಿಡು," ಅಂದ ಅಣ್ಣ. "ನಾಳೆ ಅದೊಂದು ಏರಿದ್ಲು ಅಂದ್ರ ನಾನs ಕಾರಿನ್ಯಾಗ ಖಾನಾಪುರಕ್ಕ ಬಿಟ್ಟು ಬರ್ತೀನಿ. ಆಫೀಸಿನ್ಯಾಗೂ ಹೇಳೀನಿ. ಪರೀಕ್ಷಾ ಇಟ್ಟಿದ್ದೆ, ಪಾಸಾದ್ಲು, ನಾನs ಕಳಸಾಕ ಹತ್ತೀನಿ ಅಂತ."

ಅವನ ದನಿಯಲ್ಲಿ ಹೆಮ್ಮೆಯೇ ಇತ್ತು. ಸೋಲುವ ಪಂದ್ಯದಲ್ಲೂ ಗೆಲ್ಲುವ ಕಡೆಗೆ ಬಂದು ನಿಂತಿದ್ದ. ಬಾಚಣಿಗೆ ನಿಂತಿತೇ? ನಿಂತಿತು ಎಂದು ನನ್ನ ನೆನಪು. ಆದರೆ ಮರುದಿನ ಆದದ್ದು ಗೊತ್ತಿರುವುದರಿಂದ, ಅದನ್ನು ನಿಲ್ಲಿಸಿದವಳು ನಾನೂ ಇರಬಹುದು.

ಯೋತೊಂಗ್‌ಲಾ

ಮೂರನೆಯ ಏರು ಊರಿನ ಬಾಗಿಲಲ್ಲೇ ಶುರುವಾಯಿತು. ವ್ಯಾನು ನಮ್ಮ ಹಿಂದೆ ನಿಧಾನವಾಗಿ ಬರುತ್ತ, ಕಾಯಿಪಲ್ಲೆಯವಳು ಮೆತ್ತಗಾದ ಟೊಮೆಟೊಗಳನ್ನು ಬೇರೆ ಬುಟ್ಟಿಗೆ ಹಾಕುವ ಹಾಗೆ, ಒಬ್ಬೊಬ್ಬರನ್ನೇ ಆರಿಸಿ ಒಳಗೆ ಹಾಕಿಕೊಂಡಿತು. ಈ ಸಲ ಕಿಟಕಿಯ ಸೀಟು ನನಗೆ. ಹಿಂದಿನ ಗಾಜಿನಲ್ಲಿ ವೈನಿಯ ಸ್ಕಾರ್ಫು ಚಿಕ್ಕದಾಗುತ್ತಾ ಹೋಯಿತು.

ಕೊನೆಯ ತಿರುವಿನ ಕೆಳಗೆ ಸೋನಮ್ ಎಂದಿನಂತೆ ನಿಲ್ಲಿಸಿದ. ಆ ದಿನ ಚಳಿ ಹೆಚ್ಚಿತ್ತು. ಇಳಿಯಲು ಯಾರಿಗೂ ಮನಸ್ಸಿಲ್ಲದೆ, ಒಳಗೇ ಕೂತು ಶೇಂಗಾ ಉಂಡೆ ತಿಂದೆವು. ಕಡೆಗೆ ದೇಸಾಯಿ ಸರ್ ಗದರಿಸಿದ ಮೇಲೆ ಇಳಿದು, ಹೆಲ್ಮೆಟ್ ಕಟ್ಟಿ, ಸೈಕಲ್ ಹಿಡಿದು ನಿಂತೆವು. ಮರಗಳ ಸಂದಿಯಲ್ಲಿ ಬಾವುಟಗಳು ಕಾಣುತ್ತಿದ್ದವು. ನಾನು ಬಗ್ಗಿ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದೆ.

ಆಗ ವೈನಿ ಕೆಳಗಿನ ತಿರುವಿನಿಂದ ಬಂದರು. ನಾವು ಇಷ್ಟು ತಡಮಾಡುತ್ತೇವೆಂದು ಅವರಿಗೆ ಗೊತ್ತಿರಲಿಲ್ಲ, ಅವರು ಇಷ್ಟು ಬೇಗ ಬರುತ್ತಾರೆಂದು ನಮಗೂ. ವ್ಯಾನಿನ ಪಕ್ಕದವರೆಗೆ ತುಳಿದುಕೊಂಡೇ ಬಂದು ಒಂದು ಕಾಲು ಊರಿದರು. ಬಾವುಟಗಳನ್ನು ನೋಡಿದರು. ಫೋಟೋಗೆ ಸಿದ್ಧರಾಗಿ ನಿಂತಿದ್ದ ನಮ್ಮನ್ನು ನೋಡಿದರು. ಆಮೇಲೆ ಇನ್ನೊಂದು ಕಾಲನ್ನೂ ಇಳಿಸಿ, ಸೈಕಲ್ಲನ್ನು ಸೋನಮ್‌ನ ಕೈಗೆ ಕೊಟ್ಟು, ಮೇಲೆ ಹಾಕು ಎಂದು ಹಿಂದಿಯಲ್ಲಿ ಹೇಳಿ, ವ್ಯಾನಿನ ಬಾಗಿಲು ಸರಿಸಿ ನನ್ನ ಕಿಟಕಿಯ ಸೀಟಿನಲ್ಲಿ ಹೋಗಿ ಕೂತರು.

"ಶಾಂತಾಬಾಯಿ, ಇನ್ನೊಂದs ತಿರುವು ಐತ್ರಿ," ಅಂದರು ದೇಸಾಯಿ ಸರ್. "ಅಲ್ಲಿ ನೋಡ್ರಿ, ಬಾವುಟ ಕಾಣಾಕ ಹತ್ತ್ಯಾವ."

"ಕಾಣ್ತಾವ್ರಿ ಸರ್."

"ಮತ್ತ?"

"ನೀವು ಮುಂದ ನಡೀರಿ."

ಸುಹಾಸ್ ಮರಾಠಿಯಲ್ಲಿ ಏನಾಯಿತೆಂದು ಕೇಳಿದ. ಏನೂ ಇಲ್ಲವೆಂದು ಮರಾಠಿಯಲ್ಲೇ ಉತ್ತರ ಬಂತು. ನಾನು ಬಾಗಿಲ ಹತ್ತಿರ ಹೋದೆ.

"ವೈನಿ, ಇಳೀರಿ. ರಾತ್ರಿ ಅಣ್ಣ ಕೇಳ್ತಾನ."

"ಕೇಳ್ಲಿ," ಎಂದು ಬಾಗಿಲು ಎಳೆದುಕೊಂಡರು.

ನಾವು ಏಳು ಜನ ಆ ಒಂದು ತಿರುವನ್ನು ತುಳಿದು ಮೇಲೆ ಹೋದೆವು. ಮೇಲೆ ಕರ್ಮಾ ಫೋಟೋ ತೆಗೆದ. ಏಳು ಜನ ಹೆಲ್ಮೆಟ್ ಹಾಕಿಕೊಂಡು, ಸೈಕಲ್ ಮೇಲೆ, ಎದೆ ಮುಂದೆ ಮಾಡಿ. ಅಂಚಿನಲ್ಲಿ ನೀಲಿ ವ್ಯಾನು, ಅದರ ಮೆಟ್ಟಿಲ ಮೇಲೆ ಕಾಲಿಟ್ಟು ಇಳಿಯುತ್ತಿರುವ ವೈನಿ. ಮೂರು ಘಟ್ಟವನ್ನು ಖರೆಯಾಗಿ ಏರಿದವರು ಆ ಫೋಟೋದಲ್ಲಿ ಒಬ್ಬರೇ, ವ್ಯಾನಿನಲ್ಲಿ ಬಂದವರಂತೆ ಕಾಣುವವರೂ ಒಬ್ಬರೇ.

ಬುಮ್‌ತಾಂಗ್

ಆ ರಾತ್ರಿ ನಾನು ದಿನಚರಿಯಲ್ಲಿ ಬರೆದದ್ದು ಇಷ್ಟು: "ಚಳಿ. ಬಟಾಟೆ ರುಚಿಯಾಗಿದ್ದವು." ಪ್ರವಾಸದ ಮುಖ್ಯ ದಿನ ಬಟಾಟೆಯ ಬಗ್ಗೆ ಬರೆದು ಮಲಗಿದವಳನ್ನು ಯಾವ ಇತಿಹಾಸಕಾರ ಕ್ಷಮಿಸಿಯಾನು.

ಅಣ್ಣನ ಫೋನು ಬಂದಾಗ ನಾವು ಊಟದ ಕೋಣೆಯ ಕಟ್ಟಿಗೆ ಒಲೆಯ ಸುತ್ತ ಕೂತು ಸಾಕ್ಸ್ ಒಣಗಿಸುತ್ತಿದ್ದೆವು.

"ಏರಿದ್ರು ಅಣ್ಣಾ," ಅಂದುಬಿಟ್ಟೆ, ಅವನು ಕೇಳುವ ಮುಂಚೆಯೇ.

"ಪೂರ್ತಾ?"

"ಪೂರ್ತಾ."

ವೈನಿ ಕೈ ಚಾಚಿದರು. ಫೋನು ಕೊಟ್ಟೆ. ಈ ಪ್ರವಾಸದಲ್ಲಿ ಅವರು ಅಣ್ಣನೊಡನೆ ಈ ವಿಷಯ ಮಾತಾಡಿದ್ದು ಅದೇ ಮೊದಲು. ನನ್ನ ಫೋನಿನ ದನಿ ಸ್ಪೀಕರ್ ಹಾಕದಿದ್ದರೂ ಪಕ್ಕದವರಿಗೆ ಕೇಳುತ್ತದೆ.

"ಮೀನಾ ಹಂಗ ಅಂತಾಳ ರೀ. ನಾ ವ್ಯಾನ್ ಹತ್ತೀನಿ."

"ಎಷ್ಟು ದೂರ?"

"ಕಡೀ ತಿರುವು."

"ಒಂದು ತಿರುವಿಗೆ ಏನಾಕ್ಕತಿ? ಅದನ್ನೇನು ಹಿಡಿಯೂದು, ಬಿಡು."

"ಹಿಡೀರಿ. ಹತ್ತೀನಿ ಅಂದ್ರ ಹತ್ತೀನಿ."

ಇಷ್ಟು ಔದಾರ್ಯ ತೋರಿದ ಮೇಲೂ ಕೈಗೆ ಸಿಗದವರನ್ನು ಅಣ್ಣ ಹಳೆಯ ಷರತ್ತಿಗೇ ಎಳೆದು ತಂದ.

"ಹಂಗಾದ್ರ ಬಂದು ಬರಕೊಡ್ತೀ?"

"ಇಲ್ರಿ. ಬಂದು ಖಾನಾಪುರಕ್ಕ ಹೋಗಿ ಹಾಜರಾಗ್ತೀನಿ."

"ಮತ್ತ ನಮ್ಮ ಮಾತು?"

"ಅದು ನಿಮ್ಮ ಮಾತ್ರಿ. ನಾ ಯಾವಾಗ ಹೂಂ ಅಂದೀನಿ?"

ಫೋನು ನನ್ನ ಕೈಗೆ ಬರುವಷ್ಟರಲ್ಲಿ ಆ ಕಡೆ ಯಾರೂ ಇರಲಿಲ್ಲ. ವೈನಿ ಸಾಕ್ಸ್ ಮಗುಚಿ ಹಾಕಿದರು.

ಊರಲ್ಲಿ ಅಣ್ಣ ಷರತ್ತು ಹಾಕಿದ ಆ ಊಟದ ದಿನವನ್ನು ನಾನು ಎಷ್ಟು ಸಲ ನೆನೆಸಿಕೊಂಡೆನೋ. ವೈನಿ ಹೂಂ ಅಂದಿದ್ದರೇ? ಪ್ರವಾಸ ಪೂರ್ತಿ ನನ್ನ ನೆನಪಿನಲ್ಲಿ ಅವರು ತಲೆಯಾಡಿಸಿದ್ದರು. ಈಗ ನೋಡಿದರೆ ತಲೆ ಅಲುಗಿಲ್ಲ.

ಮರುದಿನ ಬೆಳಿಗ್ಗೆ ಹುರುಳಿ ಹಿಟ್ಟಿನಂಥ ಕಪ್ಪು ಹಿಟ್ಟಿನ ದೋಸೆ ತಿನ್ನುತ್ತ, ಉಳಿದವರನ್ನು ಒಬ್ಬೊಬ್ಬರಾಗಿ ಕೇಳಿದೆ: ಆ ತಿರುವಿಗೆ ಬಂದಾಗ ವೈನಿಯ ಮುಖ ಹೇಗಿತ್ತು? ಮುಖ ಕೆಂಪಾಗಿತ್ತು, ಎದೆ ಹಿಡಿದುಕೊಂಡಿದ್ದರು, ನಾನು ಡಾಕ್ಟರು ನನಗೆ ತಿಳಿಯುತ್ತದೆ ಅಂದ ಸುಹಾಸ್. ನೀರು ಕೇಳಿದರು, ಕೊಟ್ಟೆ, ಕೈ ನಡುಗುತ್ತಿತ್ತು ಅಂದರು ದೇಸಾಯಿ ಸರ್. ಅವರು ನೀರು ಕೊಟ್ಟದ್ದನ್ನು ನಾನು ನೋಡಿಲ್ಲ. ಏದುಸಿರು ಕೂಡ ಇರಲಿಲ್ಲ, ನನಗೆ ನಕ್ಕು ಸೈಕಲ್ ಕೊಟ್ಟರು ಅಂದ ಸೋನಮ್. ನನ್ನ ನೆನಪಿನಲ್ಲಿ ಅವರ ಮುಖ ಒಣಗಿ, ತಣ್ಣಗೆ, ತರಗತಿ ಸದ್ದು ನಿಲ್ಲಿಸಲೆಂದು ಕಾಯುವ ಟೀಚರ ಹಾಗಿತ್ತು. ಆದರೆ ವ್ಯಾನು ಬಿಳಿಯಿತ್ತು ಎಂದವಳೂ ನಾನೇ.

ಖಾನಾಪುರ

ನೆಹರು ನಗರದ ಮನೆಗೆ ಈಗ ಗೋಡೆ ಎದ್ದಿದೆ, ಮಾಡು ಆಗುತ್ತಿದೆ. ಮುಗಿದಿರುವ ಮುಂದಿನ ಕೋಣೆಯಲ್ಲಿ ದೇಸಾಯಿ ಸರ್ ಆ ಮೂರನೆಯ ಫೋಟೋವನ್ನು ಕಟ್ಟು ಹಾಕಿಸಿ ತೂಗುಹಾಕಿದ್ದಾರೆ. ನೋಡಲು ಬಂದ ದಾನಿಯೊಬ್ಬರು, ಅಂಚಿನಲ್ಲಿ ವ್ಯಾನಿಂದ ಇಳಿಯುತ್ತಿರುವವರನ್ನು ತೋರಿಸಿ ಕೇಳಿದರು: "ಈ ಬಾಯಾರು ಅಡಗಿಗೆ ಬಂದಿದ್ರೇನ್ರಿ?" ಸರ್ ಕೆಮ್ಮಿದರು. ಸುಹಾಸ್ ಮರಾಠಿಯಲ್ಲಿ ಏನೋ ಗೊಣಗಿದ. ಏರು ಬಂದಿತ್ತು.

ವೈನಿ ಮೊದಲ ಬಸ್ಸಿಗೆ ಒಬ್ಬರೇ ಹೋಗಿ ಶಾಲೆಗೆ ಹಾಜರಾದರು. ಖಾನಾಪುರದಲ್ಲಿ ಒಂದು ಕೋಣೆ ಹಿಡಿದಿದ್ದಾರೆ, ಶನಿವಾರ ಮನೆಗೆ ಬರುತ್ತಾರೆ. ಕೆಲವು ಶನಿವಾರ ಬರುವುದಿಲ್ಲ. ಆಗ ಅಣ್ಣನೇ ಜೋಳದ ಹಿಟ್ಟು, ಎಣ್ಣೆ ಕಟ್ಟಿಕೊಂಡು ಹೋಗುತ್ತಾನೆ. ಕಚೇರಿಯಲ್ಲಿ ಕೇಳಿದವರಿಗೆ "ನಾ ಕಳಿಸಿಲ್ಲಪಾ, ಆಕಿನs ಹೋಗ್ಯಾಳ" ಅನ್ನುತ್ತಾನಂತೆ. ಅದು ದೂರೋ ಹೆಮ್ಮೆಯೋ ನನಗೆ ತಿಳಿಯದು.

ನಾನು ವೈನಿಗೆ ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದ್ದೇನೆ. ವಿಮಾನದಲ್ಲಿ ಕೇಳಿದಾಗ ಕಿಟಕಿಯಾಚೆ ನೋಡುತ್ತಿದ್ದರು. ಮನೆಯಲ್ಲಿ ಕೇಳಿದಾಗ ಕುಕ್ಕರ್ ಕೂಗಿತು. ಹೋದ ವಾರ ಅವರ ಶಾಲೆಗೇ ಹೋದೆ. ಮಕ್ಕಳು ಮನೆಗೆ ಹೋಗಿದ್ದರು. ವೈನಿ ವರಾಂಡದಲ್ಲಿ ಕೂತು, ಮರುದಿನಕ್ಕೆಂದು ಹಲಗೆಯ ಮೇಲೆ ಒಂದೇ ಮಾತನ್ನು ಎಡಕ್ಕೆ ಮರಾಠಿಯಲ್ಲಿ, ಬಲಕ್ಕೆ ಕನ್ನಡದಲ್ಲಿ ಬರೆಯುತ್ತಿದ್ದರು. ಅಲ್ಲಿ ಕುಕ್ಕರ್ ಇರಲಿಲ್ಲ, ಕಿಟಕಿ ಇರಲಿಲ್ಲ, ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು. ನನ್ನ ಮಾತು ಮುಗಿಯುವವರೆಗೆ ಸುಣ್ಣದ ಕಡ್ಡಿ ಹಲಗೆಯ ಮೇಲೆ ನಡೆಯುತ್ತಲೇ ಇತ್ತು, ಮುಗಿದ ಮೇಲೂ ನಡೆಯಿತು. ಉತ್ತರಕ್ಕೆ ನಾನು ಇನ್ನೂ ಕಾಯುತ್ತಿದ್ದೇನೆ. ಅಂದು ಕೇಳಿದ್ದನ್ನು ಮರೆಯುವ ಮುಂಚೆ, ಕೇಳಿದ ಹಾಗೆಯೇ ಇಲ್ಲಿ ಬರೆದಿಡುತ್ತೇನೆ:

"ವೈನಿ, ಅವತ್ತು ಕಾಲು ಸೋತಿದ್ದುವೇನು, ಇಲ್ಲಾ ಅಣ್ಣಗ ನಿಮ್ಮನ್ನ ಕಳಸೂ ಅವಕಾಶ ಕೊಡಬಾರದು ಅಂತ ಹತ್ತಿದ್ರೇನು?"